ಪ್ರತಿಕಾಯ

ಸಂಸ್ಕೃತದ ‘ಪ್ರತಿ’ (ಎದುರು), ‘ಕಾಯ’ (ದೇಹ) ಸೇರಿ ಆದ ಪದ. 1891ರಲ್ಲಿ ವಿಜ್ಞಾನಿ ಪೌಲ್ ಎರ್ಲಿಖ್ ಬಳಸಿದ ಜರ್ಮನ್ ‘ಆಂಟಿಕ್ಯೋರ್ಪರ್’ಗೆ ಸಮನಾದದ್ದು. ಮೈಯೊಳಗೆ ಬಂದ ಪರವಸ್ತುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನಿಗೆ ಈ ಹೆಸರು. ಅದು ಹಿಡಿಯುವ ವಸ್ತು ‘ಪ್ರತಿಜನಕ’. ಎರಡನ್ನೂ ಬೆರೆಸಬಾರದು.

1975ರಲ್ಲಿ ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೀನ್ ಒಂದೇ ಗುರಿಯ ಪ್ರತಿಕಾಯವನ್ನು ಪ್ರಯೋಗಾಲಯದಲ್ಲಿ ಬೇಕಾದಷ್ಟು ತಯಾರಿಸುವ ದಾರಿ ತೋರಿದರು. ಅಂದಿನಿಂದ ಪ್ರತಿಕಾಯವು ಹುಡುಕುವ ಸಾಧನವಾಗಿ ಇನ್ನಷ್ಟು ಬಳಕೆಗೆ ಬಂತು.

ಹೀಗೆ ಹುಡುಕುವ ‘ಫ್ಯಾಸಿನ್’ ಪ್ರೋಟೀನನ್ನೇ ನೋಡಿ. ಹೆಸರಿನ ಮೂಲದಲ್ಲಿ ಲ್ಯಾಟಿನ್ನಿನ ‘ಕಟ್ಟು’ ಎಂಬ ಅರ್ಥವಿದೆ. ನಮ್ಮ ನೆಕ್ರಾಜೆ ಕಡೆ ಬೈಹುಲ್ಲನ್ನು ಸೂಡಿ ಕಟ್ಟುವಂತೆ, ಅದು ಜೀವಕೋಶದ ಆಕ್ಟಿನ್ ಎಳೆಗಳನ್ನು ಒಟ್ಟಿಗೆ ಬಿಗಿಯುತ್ತದೆ. ಆ ಕಟ್ಟುಗಳ ಬಲದಿಂದ ಕ್ಯಾನ್ಸರ್ ಕೋಶ ಬೆರಳಿನಂಥ ಚಾಚುಗಳನ್ನು ಮುಂದಿಟ್ಟು ಸರಿಯಬಲ್ಲದು. ಗಡ್ಡೆಯ ತೆಳು ಸೀಳಿಗೆ ಫ್ಯಾಸಿನ್ ಪ್ರತಿಕಾಯ ಹಾಕಿ ಬಣ್ಣ ಬರಿಸಿದರೆ, ಫ್ಯಾಸಿನ್ ಇದ್ದಲ್ಲೆಲ್ಲ ಸೂಕ್ಷ್ಮದರ್ಶಕದಡಿ ಕಂದು ಬಣ್ಣ ಮೂಡುತ್ತದೆ. ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿನ ದೊಡ್ಡ ಕೋಶಗಳು ಹೀಗೆ ಎದ್ದು ಕಾಣುತ್ತವೆ.

ಬಳಕೆ: ‘ಲಸಿಕೆಯಿಂದ ಪ್ರತಿಕಾಯಗಳು ಹುಟ್ಟಿದವು’, ‘ಫ್ಯಾಸಿನ್ ಪ್ರತಿಕಾಯದಿಂದ ಪರೀಕ್ಷಿಸಿದರು’. ಕಾಯುವುದಕ್ಕೂ ಕಾಣಿಸುವುದಕ್ಕೂ ಒಂದೇ ಪದ. ಅದನ್ನು ಕನ್ನಡದಲ್ಲೇ ಧೈರ್ಯವಾಗಿ ಬಳಸೋಣ.