ತೊಗರಿ ಚೀಲದ ಮೇಲಿನ ಪ್ರಶ್ನೆ

ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮ ಮಾವನವರದ್ದು ಅಡತಿ ಅಂಗಡಿ. ಒಂದು ಸೆಪ್ಟೆಂಬರ್ 17ಕ್ಕೆ ಬೆಂಗಳೂರಿನಿಂದ ಆರು ವರ್ಷದ ಮಗಳನ್ನು ಕರ್ಕೊಂಡು ಹೋಗಿದ್ದೆ. ತೊಗರಿ ಚೀಲದ ಮೇಲೆ ಕೂತು ಟಿವಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ಸುದ್ದಿ ನೋಡ್ತಿದ್ದವಳು ಕೇಳಿಬಿಟ್ಟಳು: “ಅಪ್ಪಾ, ರಜಾಕಾರರು ಅಂದ್ರೆ ಮುಸ್ಲಿಮರಾ? ಹಂಗಾದ್ರೆ ನನ್ನ ಬೆಂಚಿನ ಫ್ರೆಂಡೂ?”

ಅಂಗಡಿಯಲ್ಲಿದ್ದವರೆಲ್ಲ ಸುಮ್ಮನಾದರು. ಮಾವ ರಿಮೋಟ್ ಹುಡುಕಿದರು. “ಸಣ್ಣ ಹುಡುಗಿಗಿ ಇದೆಲ್ಲಾ ಯಾಕ ಬೇಕ್ರಿ? ಕಾರ್ಟೂನ್ ಹಚ್ಚಿಕೊಡ್ರಿ. ನಮ್ಮ ಮನ್ಯಾಗೂ ಈ ಮಾತು ಬಂದ್ರ ‘ಹೊರಗ ಹೋಗಿ ಆಡ್ಕೋಳ್ರಿ’ ಅಂತಿದ್ರು.”

“ಹೋಗ್ತಿದ್ರಾ?”

“ಎಲ್ಲಿ ಹೋಗೋದು? ಬಾಗಿಲ ಹಿಂದ ನಿಂತು ಕೇಳ್ತಿದ್ವಿ.”

ಬಾಗಿಲ ಹಿಂದೆ ಅರ್ಧ ಕತೆ ಮಾತ್ರ ಕೇಳಿಸುತ್ತದೆ. ಅದೇ ತೊಂದರೆ.

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದರೂ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿ, ಬೀದರ್, ರಾಯಚೂರಿಗೆ ಬರಲಿಲ್ಲ. ನಿಜಾಮ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಕಾಸಿಂ ರಜ್ವಿಯ ರಜಾಕಾರರು ವಿಲೀನ ಬಯಸಿದವರ ಮೇಲೆ, ಹಳ್ಳಿಗಳ ಮೇಲೆ ಬಿದ್ದರು. ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ಒಬ್ಬ ಪುಟ್ಟ ಹುಡುಗ ಬೆಂಕಿಯಲ್ಲಿ ತಾಯಿ, ಸಹೋದರಿಯನ್ನು ಕಳೆದುಕೊಂಡ. ಮುಂದೆ ಕಲಬುರಗಿಯಲ್ಲಿ ಬೆಳೆದ ಆ ಹುಡುಗನೇ ಮಲ್ಲಿಕಾರ್ಜುನ ಖರ್ಗೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂತು. 17ರಂದು ನಿಜಾಮ ಸೋಲೊಪ್ಪಿಕೊಂಡ.

ಭಾಷಣಗಳು ಇಲ್ಲಿಗೆ ಮುಗಿಯುತ್ತವೆ. ಸಾವು ಮುಗಿದಿರಲಿಲ್ಲ. ಆಮೇಲಿನ ದಿನಗಳಲ್ಲಿ ಸೇಡಿಗೆ ಬಲಿಯಾದವರು ಹೆಚ್ಚಾಗಿ ಮುಸ್ಲಿಮರು. ಈ ಗಂಜ್‌ಗೆ ಯಾರ ಹೆಸರಿದೆಯೋ ಆ ನೆಹರೂ ಅವರೇ ಪಂಡಿತ್ ಸುಂದರಲಾಲ್ ಸಮಿತಿಯನ್ನು ಕಳಿಸಿದರು. ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದು ಅಂತ ಸಮಿತಿ ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಎರಡೂ ಇದ್ದವು. ಆ ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ಮನೆಯವರು ಮಕ್ಕಳಿಗೆ ಮಾಡಿದ್ದನ್ನೇ ಸರ್ಕಾರ ದೊಡ್ಡವರಿಗೂ ಮಾಡಿತು: ಹೊರಗೆ ಹೋಗಿ ಆಡ್ಕೊಳ್ಳಿ.

ಇಷ್ಟನ್ನೂ ಆರು ವರ್ಷದವಳಿಗೆ ಹೇಳೋಕಾಗುತ್ತಾ? ಇಲ್ಲ. ಆದರೆ ಹೇಳಿದಷ್ಟು ನಿಜ ಇರಬೇಕು. ಟಿವಿ ಆಫ್ ಮಾಡಿ, ಮೊದಲು ಅವಳಿಗೆ ಏನು ಅರ್ಥವಾಗಿದೆ ಅಂತ ಕೇಳಿದೆ. ಆಮೇಲೆ ಶೋಯಬುಲ್ಲಾ ಖಾನ್ ಬಗ್ಗೆ ಹೇಳಿದೆ.

“ಹೈದರಾಬಾದಲ್ಲಿ ‘ಇಮ್ರೋಜ್’ ಅಂತ ಒಂದು ಪೇಪರ್ ಇತ್ತು. ಅದರ ಸಂಪಾದಕರು ಮುಸ್ಲಿಂ. ಭಾರತಕ್ಕೆ ಸೇರೋಣ, ರಜಾಕಾರರು ಮಾಡ್ತಿರೋದು ತಪ್ಪು ಅಂತ ಬರೆದರು. ಅದಕ್ಕೆ ರಜಾಕಾರರು ಅವರನ್ನ ಕೊಂದರು.”

1948ರ ಆಗಸ್ಟ್‌ನಲ್ಲಿ, ಅಂದರೆ ಸೇನೆ ಬರೋಕೆ ತಿಂಗಳೂ ಇಲ್ಲದಾಗ ನಡೆದದ್ದು. ಬರೆಯುವ ಕೈಯನ್ನೂ ಕಡಿದಿದ್ದರು ಅನ್ನೋದನ್ನ ಅವಳಿಗೆ ಹೇಳಲಿಲ್ಲ. ಅವಳು ದೊಡ್ಡವಳಾದಾಗ, ಸೇಡಿನ ಕತೆಯ ಜೊತೆಗೆ, ಅದನ್ನೂ ಹೇಳಬೇಕು. ಮುಂದೂಡಿದ್ದೇನೆ, ಮುಚ್ಚಿಟ್ಟಿಲ್ಲ.

ಅವಳು ಸ್ವಲ್ಪ ಹೊತ್ತು ತೊಗರಿ ಕಾಳು ಎಣಿಸಿದಳು. “ಅಂದ್ರೆ ಕೆಟ್ಟದ್ದು ಮಾಡಿದೋರು ಮಾತ್ರ ಕೆಟ್ಟೋರು. ನನ್ನ ಫ್ರೆಂಡ್ ಏನೂ ಮಾಡಿಲ್ಲ.”

“ಹೌದು ಪುಟ್ಟಾ.”

ಅವಳು ಬೆಲ್ಲ ಕೇಳಿಕೊಂಡು ಒಳಗೆ ಓಡಿದಳು. ಮಾವ ರಿಮೋಟ್ ಕೆಳಗಿಟ್ಟರು.

“ಈ ಪೇಪರ್‌ನವರ ಸುದ್ದಿ ನನಗ ಯಾರೂ ಹೇಳಿದ್ದಿಲ್ಲ ನೋಡ್ರಿ,” ಅಂದರು.