ನೊಟ್ಟುಸ್ವರ ಮತ್ತು ವಿದೇಶಿ ವಾದ್ಯ: ಮೈಸೂರು–ಬೆಂಗಳೂರು ಕಚೇರಿ ಪರಂಪರೆಯಲ್ಲಿ

ನೊಟ್ಟುಸ್ವರವೆಂದರೆ ಯುರೋಪಿನ ಬ್ಯಾಂಡ್ ಮಟ್ಟುಗಳ ಜಾಡಿನಲ್ಲಿ ಶಂಕರಾಭರಣ ರಾಗದ ಸ್ವರಗಳಿಗೆ ಕೂಡಿಸಿದ ಕಿರು ರಚನೆ. ಮುತ್ತುಸ್ವಾಮಿ ದೀಕ್ಷಿತರು (1775–1835) ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡ್ ಕೇಳಿ, ಅಂಥ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ‘ಶಕ್ತಿಸಹಿತ ಗಣಪತಿಂ’ ರಚನೆಯ ಮೂಲ ಒಂದು ಫ್ರೆಂಚ್ ನೃತ್ಯಗೀತೆಯೆಂದು ಗುರುತಿಸಲಾಗಿದೆ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅಣ್ಣ ತಂದ ಮಟ್ಟು ಕಿರಿದಾಗಿಯೇ ಉಳಿಯಿತು, ತಮ್ಮ ತಂದ ವಾದ್ಯ ಕಚೇರಿಯ ಅನಿವಾರ್ಯ ಪಕ್ಕವಾದ್ಯವಾಯಿತು. ಮುಂದಿನ ಇನ್ನೂರು ವರ್ಷಗಳ ಇತಿಹಾಸವೂ ಬಹುಮಟ್ಟಿಗೆ ಹೀಗೆಯೇ ನಡೆದಿದೆ: ವಿದೇಶಿ ಹಾಡಿಗೆ ಕಚೇರಿಯ ಕೊನೆಯ ತುಕಡಾದ ಜಾಗ, ವಿದೇಶಿ ವಾದ್ಯಕ್ಕೆ ರಾಗದ ಜಾಗ.

ಮೈಸೂರು ಆಸ್ಥಾನದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಆಸ್ಥಾನ ವಿದ್ವಾಂಸರಾಗಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳನ್ನು ರಚಿಸಿದರು. ‘ಇಂಗ್ಲಿಷ್ ನೋಟ್’ ಎಂದೇ ಹೆಸರಾದ, ಮಧುರೈ ಮಣಿ ಅಯ್ಯರ್ ಕಚೇರಿಗಳಲ್ಲಿ ಜನಪ್ರಿಯಗೊಳಿಸಿದ ಪುಟ್ಟ ಸ್ವರಗುಚ್ಛವೂ ಅವರದೇ. ಅದು ಸಾಮಾನ್ಯವಾಗಿ ತಾಳವಾದ್ಯದ ತನಿ ಆವರ್ತನ ಮುಗಿದ ಮೇಲೆ, ಮಂಗಳಕ್ಕೆ ಮೊದಲು ಬರುತ್ತದೆ, ಆಲಾಪನೆಯಿಲ್ಲ, ಸಾಹಿತ್ಯದ ಸಾಲನ್ನು ಬೆಳೆಸುವ ನೆರವಲ್ ಇಲ್ಲ. ಇತ್ತ ಟಿ. ಚೌಡಯ್ಯನವರು (1895–1967) ಧ್ವನಿವರ್ಧಕವಿಲ್ಲದ ಸಭೆಯಲ್ಲೂ ಕೇಳಿಸಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿ, ಅದೇ ವಾದ್ಯದಲ್ಲಿ ವಿಸ್ತಾರವಾದ ರಾಗಗಳನ್ನು ನುಡಿಸಿದರು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಅವರ ಹೆಸರಿನ ಸಭಾಂಗಣವೇ ಪಿಟೀಲಿನ ಆಕಾರದಲ್ಲಿದೆ.

ವಿದೇಶಿ ಹಾಡನ್ನು ಹೀಗೆ ಕಿರಿದಾಗಿಯೇ ಇರಿಸಿದ್ದನ್ನು ಬರಿಯ ಮಡಿವಂತಿಕೆ ಎನ್ನುವವರಿದ್ದಾರೆ. ಅವರು ಜಾಝ್‌ನ ಉದಾಹರಣೆ ಕೊಡುತ್ತಾರೆ. ಜೋಸೆಫ್ ಕೋಸ್ಮಾ ಸಂಗೀತ ಕೊಟ್ಟ ಫ್ರೆಂಚ್ ಗೀತೆಯೊಂದು ‘ಆಟಮ್ ಲೀವ್ಸ್’ ಆಗಿ ಜಾಝ್‌ಗೆ ಬಂತು. 1958ರಲ್ಲಿ ಕ್ಯಾನನ್‌ಬಾಲ್ ಆಡರ್ಲಿ ಮತ್ತು ಮೈಲ್ಸ್ ಡೇವಿಸ್ ಅದನ್ನು ಹನ್ನೊಂದು ನಿಮಿಷದಷ್ಟು ಬೆಳೆಸಿದರು. ನಮ್ಮವರಿಗೇಕೆ ಆಗಲಿಲ್ಲ? ಕಾರಣ ಸಂಗೀತದ ಕಟ್ಟಿನಲ್ಲೇ ಇದೆ. ಜಾಝ್ ವಾದಕನಿಗೆ ಹಾಡಿನ ಕೆಳಗೆ ಸ್ವರಮೇಳಗಳ ಸರಣಿಯೊಂದು ಸಿಗುತ್ತದೆ. ಮಟ್ಟನ್ನು ಬಿಟ್ಟರೂ ಅದನ್ನು ಹಿಡಿದು ಕಲ್ಪಿಸಬಹುದು. ಕಚೇರಿಯಲ್ಲಿರುವುದು ತಂಬೂರಿಯ ಒಂದೇ ಶ್ರುತಿ. ಅಲ್ಲಿ ಮನೋಧರ್ಮಕ್ಕೆ ಆಧಾರ ಗಮಕ, ಅಂದರೆ ಸ್ವರದ ಆಂದೋಲನ. ಶಂಕರಾಭರಣದ ಮಧ್ಯಮ, ನಿಷಾದಗಳನ್ನು ಆಂದೋಲಿಸಿದ ಕೂಡಲೇ ರಾಗ ಬರುತ್ತದೆ, ಬ್ಯಾಂಡಿನ ಮಟ್ಟು ಮಾಯವಾಗುತ್ತದೆ. ಮಟ್ಟು ಉಳಿಯಬೇಕಾದರೆ ಸ್ವರಗಳು ನೇರವಾಗಿ ನಿಲ್ಲಬೇಕು. ಹಾಗೆ ನಿಂತ ಸ್ವರಗಳನ್ನು ಬೆಳೆಸಲು ಹೆಚ್ಚು ದಾರಿಯಿಲ್ಲ.

ವಾದ್ಯಕ್ಕೆ ಈ ತೊಡಕಿಲ್ಲ, ಅದನ್ನು ತಿದ್ದಿಕೊಳ್ಳಬಹುದು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೊಫೋನ್ ಮೈಸೂರು ಅರಮನೆಯ ಬ್ಯಾಂಡಿಗೂ ಬಂದಿತ್ತು. ನಾಗಸ್ವರ ಮನೆತನದ ಕದ್ರಿ ಗೋಪಾಲನಾಥ್ (1949–2019) ಅಲ್ಲೇ ಅದಕ್ಕೆ ಮನಸೋತು, ಗಮಕಕ್ಕೆ ಒದಗುವಂತೆ ಅದನ್ನು ಮಾರ್ಪಡಿಸಿಕೊಂಡರು. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ, 1939ರಿಂದ ಶ್ರೀರಾಮಸೇವಾ ಮಂಡಳಿ ನಡೆಸಿಕೊಂಡು ಬಂದ ರಾಮನವಮಿ ಸಂಗೀತೋತ್ಸವದ ಶ್ರೋತೃಗಳು ಆ ವಾದ್ಯದಲ್ಲಿ ಕೇಳಿದ್ದು ತ್ಯಾಗರಾಜರ ಕೃತಿಗಳನ್ನು.

ಬೆಂಗಳೂರಿನಲ್ಲೇ ಜಾಝ್ ಮತ್ತು ಕರ್ನಾಟಕ ಸಂಗೀತ ಬೆರೆತಿವೆಯಲ್ಲ ಎಂಬ ಆಕ್ಷೇಪ ಇನ್ನೂ ಬಲವಾದದ್ದು. ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಗಾಯಕಿ ಆರ್.ಎ. ರಮಾಮಣಿ ಹಾಗೂ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಸೇರಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ತಂದರು. ಆದರೆ ಅಲ್ಲಿ ಪಾಶ್ಚಾತ್ಯ ಜನಪ್ರಿಯ ಗೀತೆ ರಾಗಕ್ಕೆ ಇಳಿಯಲಿಲ್ಲ. ಜಾಝ್ ವಾದಕನೇ ರಾಗ–ತಾಳಗಳ ಬಳಿ ಬಂದ. ಆದ್ದರಿಂದ ಈ ಆಕ್ಷೇಪ ಮೂಲ ವಾದವನ್ನು ಅಲುಗಿಸುವುದಿಲ್ಲ. ನೊಟ್ಟುಸ್ವರ ಚಿಕ್ಕದಾಗಿ ಉಳಿದದ್ದು ಪರಕೀಯವೆಂಬ ತಾತ್ಸಾರದಿಂದಾದರೆ, ಪಿಟೀಲು, ಸ್ಯಾಕ್ಸೊಫೋನ್‌ಗಳೂ ವೇದಿಕೆಯ ಅಂಚಿನಲ್ಲೇ ಉಳಿಯಬೇಕಿತ್ತು. ಹಾಗಾಗಲಿಲ್ಲ. ಪರಂಪರೆ ಕೇಳಿದ್ದು ಊರನ್ನಲ್ಲ, ಗಮಕ ಹಿಡಿಸುತ್ತದೆಯೇ ಎಂಬುದನ್ನು.