ಬ್ಯೂಗಲ್ ಇಲ್ಲದ ಬ್ಯೂಗಲ್ ತಂಡ: ಡ್ರಮ್ ಕೋರ್ ವಾದ್ಯಗಳಿಗೆ ಏನೆಂದು ಹೆಸರು?

ಸರ್ಕಾರಿ ಗೌರವದೊಂದಿಗೆ ನಡೆಯುವ ಅಂತ್ಯಸಂಸ್ಕಾರದಲ್ಲಿ ಪೊಲೀಸ್ ಸಿಬ್ಬಂದಿ ನುಡಿಸುವ ‘ಲಾಸ್ಟ್ ಪೋಸ್ಟ್’ ಕೇಳಿದವರಿಗೆ ಬ್ಯೂಗಲ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಸುರುಳಿ ಸುತ್ತಿದ ಲೋಹದ ಕೊಳವೆ. ಒಂದು ತುದಿಯಲ್ಲಿ ತುಟಿಯಿಡುವ ಪುಟ್ಟ ಬಟ್ಟಲು, ಇನ್ನೊಂದು ತುದಿಯಲ್ಲಿ ಅರಳಿದ ಬಾಯಿ. ಒತ್ತಲು ಗುಂಡಿಯಿಲ್ಲ, ಮುಚ್ಚಲು ರಂಧ್ರವಿಲ್ಲ. ಸ್ವರ ಬದಲಾಗಬೇಕಾದರೆ ತುಟಿಯ ಬಿಗಿ ಮತ್ತು ಉಸಿರಿನ ಬಲವೇ ಗತಿ.

ಅಮೆರಿಕದಲ್ಲಿ ‘ಡ್ರಮ್ ಅಂಡ್ ಬ್ಯೂಗಲ್ ಕೋರ್’ ಎಂಬ ಹೆಸರಿನ ತಂಡಗಳು ಪ್ರತಿ ಬೇಸಿಗೆಯಲ್ಲಿ ಫುಟ್‌ಬಾಲ್ ಮೈದಾನಗಳಲ್ಲಿ ಸ್ಪರ್ಧೆಗಿಳಿಯುತ್ತವೆ. ಹದಿಹರೆಯದವರಿಂದ ಇಪ್ಪತ್ತೆರಡರ ಆಸುಪಾಸಿನವರೆಗಿನ ಯುವಜನರು ವಾದ್ಯ ನುಡಿಸುತ್ತಲೇ ಹೆಜ್ಜೆ ಹಾಕಿ, ಮೈದಾನದ ತುಂಬ ವಿನ್ಯಾಸಗಳನ್ನು ಮೂಡಿಸುವ ಕಲೆ ಇದು. (ಬರೆಯುವಾಗ ‘ಕಾರ್ಪ್ಸ್’ ಎಂಬಂತೆ ಕಂಡರೂ ಉಚ್ಚಾರ ‘ಕೋರ್’ ಎಂದೇ.) ಹೆಸರಿನಲ್ಲಿ ಬ್ಯೂಗಲ್ ಇದೆ. ಮೈದಾನದಲ್ಲಿ ಮಾತ್ರ ಮೇಲೆ ವರ್ಣಿಸಿದಂಥ ಬ್ಯೂಗಲ್ ಇಂದು ಕಾಣಸಿಗುವುದಿಲ್ಲ. ಹಾಗಾದರೆ ಆ ಯುವಕ ಯುವತಿಯರ ಕೈಯಲ್ಲಿರುವುದನ್ನು ಏನೆಂದು ಕರೆಯಬೇಕು? ಬ್ಯೂಗಲ್ ಎಂದೇ, ಹಾರ್ನ್ ಎಂದೇ, ಅಥವಾ ಸುಮ್ಮನೆ ಬ್ರಾಸ್ ಎಂದೇ?

ಇದನ್ನು ಪದಗಳ ಕುರಿತ ಕುತೂಹಲವೆಂದು ತಳ್ಳಿಹಾಕುವಂತಿಲ್ಲ. ಯಾವ ವಾದ್ಯ ‘ಬ್ಯೂಗಲ್’ ಎನಿಸಿಕೊಳ್ಳುತ್ತದೆ ಎಂಬುದರ ಮೇಲೆಯೇ ಯಾವ ತಂಡ ಸ್ಪರ್ಧಿಸಬಹುದು, ಯಾವುದು ಸ್ಪರ್ಧಿಸಬಾರದು ಎಂಬುದು ದಶಕಗಳ ಕಾಲ ನಿರ್ಧಾರವಾಗುತ್ತಿತ್ತು. ಆ ಪದದ ಗಡಿ ಸರಿದಾಗಲೆಲ್ಲ ತಂಡಗಳ ಜೇಬಿನ ಮೇಲೂ ಸಂಗೀತದ ಮೇಲೂ ಪರಿಣಾಮವಾಗಿದೆ.

ಯುದ್ಧದಿಂದ ಮರಳಿದವರ ವಾದ್ಯ

ಮೊದಲ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು 1919ರಲ್ಲಿ ‘ಅಮೆರಿಕನ್ ಲೀಜನ್’ ಎಂಬ ಸಂಘಟನೆಯನ್ನು ಕಟ್ಟಿಕೊಂಡರು. ಅದರ ಊರೂರಿನ ಘಟಕಗಳು ತಮ್ಮದೇ ಡೋಲು ಮತ್ತು ಬ್ಯೂಗಲ್ ತಂಡಗಳನ್ನು ರಚಿಸಿದವು. ಸೇನೆಯಲ್ಲಿ ಮಿಕ್ಕ ವಾದ್ಯಗಳು ಸುಲಭವಾಗಿ ದೊರೆಯುತ್ತಿದ್ದವು. ನುಡಿಸಲು ಸಂಗೀತಶಾಲೆಯ ಶಿಕ್ಷಣವೂ ಬೇಕಿರಲಿಲ್ಲ. ಹೀಗೆ ಹಬ್ಬಿದ ವಾದ್ಯ ‘ಜಿ’ ಶ್ರುತಿಯದು. ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕದ ಸೇನೆ 1892ರ ಮಾದರಿಯ ಈ ವಾದ್ಯಕ್ಕೆ ಅಧಿಕೃತವಾಗಿ ಇಟ್ಟಿದ್ದ ಹೆಸರು ‘ಫೀಲ್ಡ್ ಟ್ರಂಪೆಟ್’. ಎಲ್ಲರೂ ಬ್ಯೂಗಲ್ ಎಂದು ಕರೆದ ವಾದ್ಯ ಕಡತದಲ್ಲಿ ಟ್ರಂಪೆಟ್ ಆಗಿತ್ತು. ಹೆಸರಿನ ಗೊಂದಲ ಹೊಸದೇನಲ್ಲ. ಅದು ಈ ಕಲೆಯ ತೊಟ್ಟಿಲಿನಲ್ಲೇ ಇತ್ತು.

ಗುಂಡಿಯಿಲ್ಲದ ಕೊಳವೆಯಿಂದ ಸಹಜವಾಗಿ ಹೊರಡುವ ಸ್ವರಗಳು ಕೆಲವೇ. ಅಮೆರಿಕದ ಸೈನಿಕರ ಅಂತಿಮ ನಮನದ ‘ಟ್ಯಾಪ್ಸ್’ ರಾಗದಲ್ಲಿ ಬಳಕೆಯಾಗುವುದು ನಾಲ್ಕೇ ಸ್ವರಸ್ಥಾನಗಳು. ಶಿಬಿರದಲ್ಲಿ ಸೈನಿಕರನ್ನು ಎಬ್ಬಿಸಲು, ಊಟಕ್ಕೆ ಕರೆಯಲು ಇಷ್ಟು ಸಾಕು. ಸ್ಪರ್ಧೆಯಲ್ಲಿ ಜನಪ್ರಿಯ ಹಾಡನ್ನು ನುಡಿಸಲು ಸಾಲದು. ಆದ್ದರಿಂದ ತಯಾರಕರು ಬ್ಯೂಗಲ್‌ಗೆ ಅಡ್ಡಲಾಗಿ ಒಂದು ಪಿಸ್ಟನ್ ವಾಲ್ವ್ ಜೋಡಿಸಿದರು. ಅದನ್ನು ಒತ್ತಿದಾಗ ಗಾಳಿ ಹೆಚ್ಚುವರಿ ಕೊಳವೆಯಲ್ಲಿ ಸುತ್ತಿ ಬಂದು ವಾದ್ಯದ ಶ್ರುತಿ ‘ಜಿ’ಯಿಂದ ‘ಡಿ’ಗೆ ಇಳಿಯುತ್ತಿತ್ತು. ಎರಡು ಶ್ರುತಿಗಳ ಸ್ವರಗಳು ಕೂಡಿದಾಗ ಒಂದು ಸರಳ ಸ್ವರಶ್ರೇಣಿ ಹೆಚ್ಚು ಕಡಿಮೆ ಕೈಗೆ ಬರುತ್ತಿತ್ತು.

ಮುಂದಿನ ದಶಕಗಳಲ್ಲಿ ಈ ಪಿಸ್ಟನ್ ‘ಡಿ’ಯ ಬದಲು ‘ಎಫ್’ಗೆ ಇಳಿಯುವಂತಾಯಿತು. ಅರ್ಧಸ್ವರ ಇಳಿಸಲು ತಿರುಗುವ ಬಗೆಯ ಇನ್ನೊಂದು ವಾಲ್ವ್ ಸೇರಿತು. 1970ರ ದಶಕದ ಉತ್ತರಾರ್ಧದಲ್ಲಿ ಎರಡು ನೇರ ಪಿಸ್ಟನ್‌ಗಳಿಗೆ, 1990ರ ದಶಕದ ಆರಂಭದ ವೇಳೆಗೆ ಮೂರು ಪಿಸ್ಟನ್‌ಗಳಿಗೆ ಅನುಮತಿ ದೊರೆಯಿತು. ಮೂರು ಪಿಸ್ಟನ್‌ಗಳಿದ್ದರೆ ಯಾವ ಸ್ವರವೂ ಬಾಕಿ ಉಳಿಯದು. ಅಲ್ಲಿಗೆ ಬ್ಯೂಗಲ್ ಮತ್ತು ಟ್ರಂಪೆಟ್ ನಡುವೆ ನೋಟಕ್ಕೆ ಕಾಣುವ ವ್ಯತ್ಯಾಸವೇ ಅಳಿಸಿಹೋಯಿತು. ಆದರೂ ಅದನ್ನು ಬ್ಯೂಗಲ್ ಎಂದೇ ಕರೆಯಲಾಗುತ್ತಿತ್ತು. ಏಕೆ?

ಉತ್ತರ ನಿಯಮ ಪುಸ್ತಕದಲ್ಲಿದೆ. ವಾದ್ಯ ‘ಜಿ’ ಶ್ರುತಿಯದಾಗಿರಬೇಕು, ಅದರ ಬಾಯಿ ಮುಂದಕ್ಕೆ ಮುಖಮಾಡಿರಬೇಕು, ವಾಲ್ವ್‌ಗಳ ಸಂಖ್ಯೆ ಆಯಾ ಕಾಲದ ಮಿತಿ ಮೀರಬಾರದು. ಇಷ್ಟಿದ್ದರೆ ಅದು ಬ್ಯೂಗಲ್. ಅಂದರೆ ಡ್ರಮ್ ಕೋರ್ ಜಗತ್ತಿನಲ್ಲಿ ಬ್ಯೂಗಲ್ ಎಂಬುದು ವಾದ್ಯದ ಆಕಾರಕ್ಕಿಂತ ಹೆಚ್ಚಾಗಿ ಅದಕ್ಕೆ ಸಿಕ್ಕ ಪರವಾನಗಿಯ ಹೆಸರು.

‘ವಾಲ್ವ್ ಬಂದ ದಿನವೇ ಅದು ಬ್ಯೂಗಲ್ ಆಗಿ ಉಳಿಯಲಿಲ್ಲ’ ಎಂಬ ವಾದವೂ ಆಗಾಗ ಕೇಳಿಬರುತ್ತದೆ. ಇತಿಹಾಸ ಈ ವಾದವನ್ನು ಬೆಂಬಲಿಸುವುದಿಲ್ಲ. ಡಬ್ಲಿನ್‌ನ ಜೋಸೆಫ್ ಹ್ಯಾಲಿಡೇ 1810ರಲ್ಲೇ ಬ್ಯೂಗಲ್‌ನ ಕೊಳವೆಗೆ ರಂಧ್ರ ಕೊರೆದು, ಮುಚ್ಚಳದ ಕೀಲಿಗಳನ್ನು ಜೋಡಿಸಿ ಪೇಟೆಂಟ್ ಪಡೆದಿದ್ದನು. ಮೂರು ವಾಲ್ವ್‌ಗಳ ಫ್ಲೂಗೆಲ್‌ಹಾರ್ನ್ ವಾದ್ಯಕ್ಕೆ ಫ್ರೆಂಚ್ ಭಾಷೆಯಲ್ಲಿ ಇಂದಿಗೂ ಇರುವ ಹೆಸರು ‘ಬ್ಯೂಗ್ಲ್’. ಆದ್ದರಿಂದ ವಾಲ್ವ್ ಇರುವ ಬ್ಯೂಗಲ್ ಎಂಬುದು ಅಮೆರಿಕನ್ನರ ಮೊಂಡುತನವೇನಲ್ಲ.

ಒಂದೇ ಮನೆತನ, ಹಲವು ಹೆಸರು

ನಿಯಮಕ್ಕೆ ಒಳಪಟ್ಟು ಬ್ಯೂಗಲ್‌ಗಳ ಒಂದು ಇಡೀ ಮನೆತನವೇ ಬೆಳೆಯಿತು. ಟ್ರಂಪೆಟ್‌ನ ಸ್ಥಾನದಲ್ಲಿದ್ದುದು ‘ಸೊಪ್ರಾನೊ’. ಇದರ ಶ್ರುತಿ ಸಾಮಾನ್ಯ ಬಿ-ಫ್ಲಾಟ್ ಟ್ರಂಪೆಟ್‌ಗಿಂತ ಮೂರು ಅರ್ಧಸ್ವರ ಕೆಳಗೆ. ಆದ್ದರಿಂದ ಕೊಳವೆಯೂ ಉದ್ದ. ನಡುಸ್ಥಾಯಿಗೆ ಮೆಲೊಫೋನ್, ಫ್ಲೂಗೆಲ್, ಮತ್ತು ಕೇಳಲು ವಿಚಿತ್ರವೆನಿಸುವ ‘ಫ್ರೆಂಚ್ ಹಾರ್ನ್ ಬ್ಯೂಗಲ್’. ಅದರ ಕೆಳಗೆ ಬ್ಯಾರಿಟೋನ್ ಮತ್ತು ಯುಫೋನಿಯಂ. ತಳದಲ್ಲಿ, 1960ರ ದಶಕದಿಂದ ಹೆಗಲ ಮೇಲೆ ಹೊತ್ತು ನುಡಿಸುವ ‘ಕಾಂಟ್ರಾಬಾಸ್’. ಹೆಗಲ ಮೇಲಿನ ಈ ಭಾರವನ್ನು ಹೊರಗಿನವರು ಟ್ಯೂಬಾ ಎಂದರೆ ಒಳಗಿನವರು ‘ಕಾಂಟ್ರಾ’ ಎಂದು ತಿದ್ದುತ್ತಾರೆ. ವಾದ್ಯ ಬದಲಾದ ಮೇಲೂ ಆ ಅಡ್ಡಹೆಸರು ಉಳಿದುಕೊಂಡಿದೆ.

ಈ ಮನೆತನದ ಎಲ್ಲ ವಾದ್ಯಗಳಿಗೂ ಆಧಾರ ಶ್ರುತಿ ಒಂದೇ ಆಗಿದ್ದುದು ಗಮನಾರ್ಹ. ಸಾಮಾನ್ಯ ಬ್ಯಾಂಡ್‌ನಲ್ಲಿ ಬಿ-ಫ್ಲಾಟ್ ಮತ್ತು ಎಫ್ ಶ್ರುತಿಯ ವಾದ್ಯಗಳು ಬೆರೆತಿರುತ್ತವೆ. ಇಲ್ಲಿ ಮೇಲಿನ ಸೊಪ್ರಾನೊದಿಂದ ತಳದ ಕಾಂಟ್ರಾವರೆಗೆ ಎಲ್ಲವೂ ‘ಜಿ’. ಎಪ್ಪತ್ತು ಮಂದಿ ಏಕಕಾಲಕ್ಕೆ ಪ್ರೇಕ್ಷಕರತ್ತ ತಿರುಗಿ ಊದಿದಾಗ ಹೊಮ್ಮುತ್ತಿದ್ದ ಆ ಒರಟಾದ, ಎದೆಗೆ ಗುದ್ದುವ ನಾದಕ್ಕೆ ಇದೂ ಒಂದು ಕಾರಣವೆಂದು ಹಳಬರು ನಂಬುತ್ತಾರೆ. ಶ್ರುತಿಶುದ್ಧಿಯ ದೃಷ್ಟಿಯಿಂದ ಆ ವಾದ್ಯಗಳು ಅಷ್ಟೇನೂ ವಿಧೇಯವಾಗಿರಲಿಲ್ಲ ಎಂಬುದೂ ನಿಜ.

2000: ಗಡಿ ಕಳಚಿದ ವರ್ಷ

ಮಾಜಿ ಸೈನಿಕರ ಸಂಘಟನೆಗಳು ಹೇರುತ್ತಿದ್ದ ಕಟ್ಟುಪಾಡುಗಳಿಂದ ಬೇಸತ್ತ ತಂಡಗಳು 1971ರಲ್ಲಿ ‘ಡ್ರಮ್ ಕೋರ್ ಇಂಟರ್‌ನ್ಯಾಷನಲ್’ ಸಂಸ್ಥೆಯನ್ನು ಹುಟ್ಟುಹಾಕಿದವು. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ನಡೆದ ಅದರ ಮೊದಲ ಚಾಂಪಿಯನ್‌ಷಿಪ್ ಅನಹೈಮ್ ಕಿಂಗ್ಸ್‌ಮೆನ್ ತಂಡದ ಪಾಲಾಯಿತು. ಸಂಸ್ಥೆಯ ಹೆಸರನ್ನು ಇನ್ನೊಮ್ಮೆ ಓದಿ ನೋಡಿದರೆ ಅದರಲ್ಲಿ ‘ಬ್ಯೂಗಲ್’ ಇಲ್ಲದಿರುವುದು ಗೊತ್ತಾಗುತ್ತದೆ. ಮೈದಾನದಿಂದ ಬ್ಯೂಗಲ್ ಮರೆಯಾಗುವ ಎಷ್ಟೋ ಮೊದಲೇ ಆಡುಮಾತು ಅದನ್ನು ನುಂಗಿತ್ತು. ಅತ್ಯುತ್ತಮ ವಾದನಕ್ಕೆ ಸಂಸ್ಥೆ ನೀಡುವ, ಸಂಗೀತ ಸಂಯೋಜಕ ಜಿಮ್ ಆಟ್ ಹೆಸರಿನ ಪ್ರಶಸ್ತಿಯೂ ‘ಬ್ರಾಸ್’ ವಾದನಕ್ಕೇ ಮೀಸಲು.

‘ಜಿ’ ಶ್ರುತಿಯ ಕಟ್ಟಳೆಯನ್ನು ಇದೇ ಸಂಸ್ಥೆ 2000ದ ಋತುವಿನಿಂದ ಸಡಿಲಿಸಿತು. ಬಾಯಿ ಮುಂದಕ್ಕಿರುವ, ವಾಲ್ವ್ ಉಳ್ಳ ವಾದ್ಯವಾದರೆ ಸಾಕು, ಶ್ರುತಿ ಯಾವುದಾದರೂ ಆಗಬಹುದು ಎಂದಾಯಿತು. ಹಿಂದಿದ್ದ ಲೆಕ್ಕಾಚಾರ ಸರಳ. ‘ಜಿ’ ಬ್ಯೂಗಲ್ ಡ್ರಮ್ ಕೋರ್ ಬಿಟ್ಟರೆ ಬೇರೆಲ್ಲೂ ಸಲ್ಲದ ವಾದ್ಯ. ಅಷ್ಟು ಹಣ ಸುರಿದು ಕೊಂಡರೆ ಮಾರುವಾಗ ಕೇಳುವವರಿಲ್ಲ. ಬಿ-ಫ್ಲಾಟ್ ವಾದ್ಯಗಳಾದರೆ ಒಂದು ಋತು ಬಳಸಿ ಶಾಲೆಗಳ ಬ್ಯಾಂಡ್‌ಗಳಿಗೆ ಮಾರಬಹುದು. ಶಾಲೆಯಲ್ಲಿ ಟ್ರಂಪೆಟ್ ಕಲಿತ ಹುಡುಗನಿಗೆ ಕೋರ್ ಸೇರಿದಾಗ ಹೊಸ ವಾದ್ಯಕ್ಕೆ ಒಗ್ಗಿಕೊಳ್ಳುವ ತೊಂದರೆಯೂ ತಪ್ಪುತ್ತದೆ. 1970ರ ದಶಕದ ಆರಂಭದಲ್ಲಿ ನೂರಾರು ಸಂಖ್ಯೆಯಲ್ಲಿದ್ದ ಯುವ ತಂಡಗಳು ಕೆಲವೇ ಡಜನ್‌ಗಳಿಗೆ ಕುಸಿದಿದ್ದ ಕಾಲದಲ್ಲಿ ಈ ವಾದವನ್ನು ಅಲ್ಲಗಳೆಯುವುದು ಕಷ್ಟವಿತ್ತು.

ವಿರೋಧಿಸಿದವರ ಮಾತೂ ಹಗುರವಾದುದಲ್ಲ. ಟ್ರಂಪೆಟ್ ಹಿಡಿದ ಮೇಲೆ ಡ್ರಮ್ ಕೋರ್‌ಗೂ ಕಾಲೇಜಿನ ಬ್ಯಾಂಡ್‌ಗೂ ಏನು ವ್ಯತ್ಯಾಸವೆಂದು ಅವರು ಕೇಳಿದರು. ಎಲ್ಲ ತಂಡಗಳೂ ಒಂದೇ ವರ್ಷಕ್ಕೆ ಬದಲಾಗಲಿಲ್ಲ. ಕೆಲವು ಇನ್ನೂ ಕೆಲ ಕಾಲ ‘ಜಿ’ಯನ್ನೇ ನೆಚ್ಚಿಕೊಂಡವು. 2014ರಲ್ಲಿ ಉಳಿದ ಕಟ್ಟೂ ಬಿಚ್ಚಿತು. ಟ್ರಾಂಬೋನ್, ಸೂಸಾಫೋನ್, ವೃತ್ತಾಕಾರದ ಫ್ರೆಂಚ್ ಹಾರ್ನ್ ಸೇರಿದಂತೆ ಬ್ರಾಸ್ ಜಾತಿಯ ಯಾವ ವಾದ್ಯವನ್ನಾದರೂ ಬಳಸಲು ಅವಕಾಶವಾಯಿತು. ಟ್ರಾಂಬೋನ್ ಅನ್ನು ಬ್ಯೂಗಲ್ ಎಂದು ಕರೆಯುವ ಧೈರ್ಯ ಯಾರಿಗೂ ಇರಲಾರದು.

ಹೀಗಾಗಿ ಹೆಸರಿನ ಪ್ರಶ್ನೆಗೆ ಉತ್ತರ ಇಸವಿಯನ್ನು ಅವಲಂಬಿಸಿದೆ. 1985ರ ಚಿತ್ರವೊಂದರಲ್ಲಿ ತಂಡದ ಸದಸ್ಯನ ಕೈಯಲ್ಲಿರುವುದನ್ನು ‘ಟ್ರಂಪೆಟ್’ ಎಂದು ಬರೆದರೆ ತಪ್ಪು. ಅದು ಸೊಪ್ರಾನೊ ಬ್ಯೂಗಲ್. 2015ರ ಚಿತ್ರದಲ್ಲಿ ‘ಬ್ಯೂಗಲ್’ ಎಂದರೂ ಅಷ್ಟೇ ತಪ್ಪು. ನ್ಯೂಜೆರ್ಸಿಯ ಗಾರ್ಫೀಲ್ಡ್‌ನಲ್ಲಿ 1934ರಲ್ಲಿ ಹುಟ್ಟಿ, 2024ರಲ್ಲಿ ಚಟುವಟಿಕೆ ನಿಲ್ಲಿಸಿದ ‘ಕೆಡೆಟ್ಸ್’ ತಂಡದ ಚರಿತ್ರೆ ಬರೆಯುವವರು ಒಂದೇ ಪುಸ್ತಕದಲ್ಲಿ ಎರಡೂ ಪದಗಳನ್ನು ಬಳಸಬೇಕಾಗುತ್ತದೆ.

ಎಲ್ಲ ಕಾಲಕ್ಕೂ ಸಲ್ಲುವ ಪದವೆಂದರೆ ‘ಹಾರ್ನ್’. ವಾದಕರ ಸಾಲು ‘ಹಾರ್ನ್‌ಲೈನ್’. ವಾದ್ಯವನ್ನು ತುಟಿಗೇರಿಸಲು ನೀಡುವ ಆಜ್ಞೆ ‘ಹಾರ್ನ್ಸ್ ಅಪ್’. ಆರ್ಕೆಸ್ಟ್ರಾದವರಿಗೆ ಹಾರ್ನ್ ಎಂದರೆ ಫ್ರೆಂಚ್ ಹಾರ್ನ್ ಮಾತ್ರ. ಡ್ರಮ್ ಕೋರ್‌ನಲ್ಲಿ ಅದು ತುಟಿಗಿಟ್ಟು ಊದುವ ಎಲ್ಲ ಲೋಹವಾದ್ಯಗಳಿಗೂ ಸಲ್ಲುತ್ತದೆ. ಪದದ ಬೇರು ಹಿಡಿದು ಹೊರಟರೆ ಜಗಳವೇ ಕರಗುತ್ತದೆ. ಎಳೆಯ ಹೋರಿಯನ್ನು ಸೂಚಿಸುವ ಲ್ಯಾಟಿನ್ ಪದ ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷ್‌ಗೆ ‘ಬ್ಯೂಗಲ್’ ಆಗಿ ಬಂತು. ವಾದ್ಯದ ಮೊದಲ ಹೆಸರು ‘ಬ್ಯೂಗಲ್ ಹಾರ್ನ್’, ಅಂದರೆ ಹೋರಿಯ ಕೊಂಬು. ಕಾಲಕ್ರಮದಲ್ಲಿ ಕೊಂಬು ಬಿದ್ದುಹೋಗಿ ಹೋರಿ ಮಾತ್ರ ಉಳಿಯಿತು.

ಕನ್ನಡ ಈ ವಿಷಯದಲ್ಲಿ ಇಂಗ್ಲಿಷಿನ ದಾರಿಯನ್ನೇ ತುಳಿದಿದೆ. ನಮ್ಮ ಜಾತ್ರೆ, ಮೆರವಣಿಗೆಗಳ ‘ಕೊಂಬು’ ಲೋಹದ್ದಾದ ಮೇಲೂ ಪ್ರಾಣಿಯ ಕೊಂಬಿನ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಆ ದೃಷ್ಟಿಯಿಂದ ಹಾರ್ನ್ ಪದಕ್ಕೆ ಕೊಂಬು ಎಂಬುದು ಅಕ್ಷರಶಃ ಸರಿಯಾದರೂ ಓದುಗರ ಕಣ್ಣಮುಂದೆ ಬೇರೊಂದೇ ವಾದ್ಯ ಬಂದು ನಿಲ್ಲುತ್ತದೆ. ‘ಕಹಳೆ’ ಬ್ಯೂಗಲ್‌ಗೆ ಹತ್ತಿರ. ‘ತುತ್ತೂರಿ’ಯನ್ನು ಟ್ರಂಪೆಟ್‌ಗೆ ಬಳಸುವುದುಂಟು, ಆದರೆ ರಾಜಕೀಯ ವರದಿಗಳು ಆ ಪದವನ್ನು ನಾಯಕರ ಹೊಗಳುಭಟರಿಗೆ ಗುತ್ತಿಗೆ ಕೊಟ್ಟುಬಿಟ್ಟಿವೆ.

‘ಹಿತ್ತಾಳೆ ವಾದ್ಯ’ ಎಂಬ ಅನುವಾದದಲ್ಲಿ ಮಾತ್ರ ಎಚ್ಚರ ಅಗತ್ಯ. ಸ್ಯಾಕ್ಸೋಫೋನ್ ಹಿತ್ತಾಳೆಯದೇ. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಅದನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು (1949–2019) ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದುದು ಸರ್ವವಿದಿತ. ಆದರೆ ಅದರಲ್ಲಿ ನಾದ ಹುಟ್ಟುವುದು ತುಟಿಯ ಕಂಪನದಿಂದಲ್ಲ, ಬಾಯಿತುದಿಗೆ ಕಟ್ಟಿದ ರೀಡ್‌ನಿಂದ. ಹಾಗಾಗಿ ಸಂಗೀತಶಾಸ್ತ್ರ ಅದನ್ನು ಕ್ಲಾರಿನೆಟ್‌ನ ಗುಂಪಿಗೆ ಸೇರಿಸುತ್ತದೆ. 2014ರ ಉದಾರ ನಿಯಮದಲ್ಲೂ ಅದಕ್ಕೆ ಡ್ರಮ್ ಕೋರ್‌ನ ಹಾರ್ನ್‌ಲೈನ್‌ನಲ್ಲಿ ಜಾಗ ಸಿಗಲಿಲ್ಲ.

‘ಜಿ’ ಬ್ಯೂಗಲ್ ಸಂಪೂರ್ಣ ಮರೆಯಾಗಿಲ್ಲ. ಅಮೆರಿಕದ ಮರೀನ್ ಪಡೆಯ ‘ಕಮಾಂಡಂಟ್ಸ್ ಓನ್’ ಡ್ರಮ್ ಅಂಡ್ ಬ್ಯೂಗಲ್ ಕೋರ್, ಸ್ಪರ್ಧಾ ತಂಡಗಳು ಕೈಬಿಟ್ಟ ಬಹುಕಾಲದ ನಂತರವೂ ಎರಡು ವಾಲ್ವ್‌ಗಳ ‘ಜಿ’ ವಾದ್ಯಗಳನ್ನೇ ಮುಂದುವರಿಸಿತು. ಹಳೆಯ ತಂಡಗಳ ಮಾಜಿ ಸದಸ್ಯರು ಕಟ್ಟಿಕೊಂಡ ‘ಅಲಮ್ನೈ ಕೋರ್’ಗಳಲ್ಲೂ ಅದರ ದನಿ ಕೇಳುತ್ತದೆ. ಇಂಥ ವಾದ್ಯಗಳಿಗೆ ಹೆಸರಾಗಿದ್ದ ಕ್ಯಾಲಿಫೋರ್ನಿಯಾದ ಕಾನ್‌ಸ್ಟುಲ್ ಕಾರ್ಖಾನೆ 2019ರಲ್ಲಿ ಬಾಗಿಲು ಮುಚ್ಚಿತು. ಹೊಸ ‘ಜಿ’ ಬ್ಯೂಗಲ್ ಬೇಕೆನ್ನುವವರು ಈಗ ಹಳೆಯದನ್ನೇ ಹುಡುಕಿ, ತಗ್ಗು ತಿದ್ದಿಸಿ, ವಾಲ್ವ್‌ಗೆ ಎಣ್ಣೆ ಬಿಟ್ಟು ನುಡಿಸಬೇಕಾಗಿದೆ.